ಮನೆ ಕುಲುಮೆಗೆ ತೋಟದ ಇದ್ದಿಲು

ಕಬ್ಬಿಣ ಕಾದಾಗಲೇ ಬಡಿಯಬೇಕು ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಕಬ್ಬಿಣವನ್ನು ಹದವರಿತು ಕಾಯಿಸುವುದು ಹೇಗೆಂದು ಬಲ್ಲವರು ನಮ್ಮ ಮಲೆನಾಡಿನಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳಲ್ಲಿ ಹಿಂದೆ ನಾಲ್ಕಾರು ಊರಿಗೊಂದು ಕುಲುಮೆ ಇರುತ್ತಿತ್ತು. ಮೃಗಶಿರಾ ಮಳೆ ಹಿಡಿಯುವ ಮುನ್ನ ಗುದ್ದಲಿ, ಪಿಕಾಸಿ, ನೇಗಿಲ ಗುಳಗಳನ್ನು ಹೊತ್ತು ತಂದು ಆಚಾರ್ರ ಮನೆ ಮುಂದೆ ಸರದಿ ಕಾಯುವುದು ವಾಡಿಕೆ. ಆಯಗಾರರಲ್ಲಿ ಒಬ್ಬರಾದ ಅವರಿಗೆ ಸುಗ್ಗಿಯಲ್ಲಿ ಅಳೆದು ಕೊಡುವ ಭತ್ತವೇ ಕೂಲಿ. ಗದ್ದೆ ತೋಟವಾಯಿತು, ನೇಗಿಲಿನ ಜಾಗಕ್ಕೆ ಟಿಲ್ಲರ್ ಬಂತು, ಭತ್ತದ ಆಯ ನಿಂತಿತು. ಜೊತೆಗೇ ಕುಲುಮೆಗಳೂ ಆರುತ್ತ ಬಂದವು.

ಈಗ ಕತ್ತಿಯ ಬಾಯಿ ಹೋದರೆ ಪೇಟೆಗೆ ಹೋಗಿ ಹೊಸದನ್ನು ತರುತ್ತೇವೆ. ಅನೇಕ ವೇಳೆ ಅದು ಒಂದೆರಡು ವರ್ಷವೂ ಬಾಳುವುದಿಲ್ಲ. ಕೊನೆಗಾರ ಬಂದಿರುವ ದಿನ, ಸೊಪ್ಪು ಕಡಿಯಲು ಆಳು ಸಿಕ್ಕಿರುವ ದಿನವೇ ಕತ್ತಿ ಕೈಕೊಟ್ಟರೆ ಆಗುವ ನಷ್ಟ ಕತ್ತಿಯ ಬೆಲೆಗಿಂತ ದೊಡ್ಡದು. ಈ ಕಾರಣದಿಂದ ಕೆಲವು ಕೃಷಿಕರು ಕೊಟ್ಟಿಗೆಯ ಹಿಂದೆ ಒಂದು ಸಣ್ಣ ಕುಲುಮೆ ಹೂಡಿ, ತಮ್ಮ ಮನೆಯ ಹತ್ಯಾರುಗಳನ್ನು ತಾವೇ ರಿಪೇರಿ ಮಾಡಿಕೊಳ್ಳಲು ಆರಂಭಿಸಿದ್ದಾರೆ. ಇದು ಒಳ್ಳೆಯ ಪ್ರಯತ್ನ. ಆದರೆ ಬಹಳ ಮಂದಿ ಸೋಲುವುದು ಸುತ್ತಿಗೆಯಲ್ಲಲ್ಲ, ಬೆಂಕಿಯಲ್ಲಿ. ಅದರಲ್ಲೂ ಇದ್ದಿಲಿನ ವಿಷಯದಲ್ಲಿ.

ಗಾಳಿ ಹೆಚ್ಚು, ಇದ್ದಿಲು ಕಡಿಮೆ

ನಾರ್ವೆ ಕಡೆಯ ಯುವ ಕೃಷಿಕರೊಬ್ಬರು 2020ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿ ಅಡಿಕೆ, ಕಾಫಿ ತೋಟ ನೋಡಿಕೊಳ್ಳುತ್ತಿದ್ದಾರೆ. ಕಳೆದ ವರ್ಷ ಮೇ ತಿಂಗಳಲ್ಲಿ ಅವರ ಮನೆಗೆ ಮಣ್ಣಿನ ಮಾದರಿ ತೆಗೆಯಲು ಹೋಗಿದ್ದೆ. ಅಂಗಳದ ಮೂಲೆಯಲ್ಲಿ ಹೊಸ ಕುಲುಮೆ. ತಿದಿಯ ಬದಲು ಕರೆಂಟಿನ ಬ್ಲೋಯರ್. ಪೇಟೆಯಿಂದ ತಂದ ಒಂದು ಮೂಟೆ ಇದ್ದಿಲು.

"ಎಂತ ಮಾಡಿದ್ರೂ ಕಬ್ಬಿಣ ಕೆಂಪಾಗುದೇ ಇಲ್ಲ ಸಾರ್" ಎಂದರು.

ಬಿ.ಎಸ್ಸಿ. ಓದಿದ ಧೈರ್ಯದಲ್ಲಿ ನಾನು ಸಲಹೆ ಕೊಟ್ಟೆ. ಬೆಂಕಿಗೆ ಆಮ್ಲಜನಕ ಸಾಲದು, ಗಾಳಿ ಹೆಚ್ಚಿಸಿ ಎಂದೆ. ಬ್ಲೋಯರನ್ನು ಪೂರ್ತಿ ತಿರುಗಿಸಿದರು. ಕಿಡಿಗಳು ಮಾಡಿನವರೆಗೆ ಹಾರಿದವು. ಸ್ವಲ್ಪ ಹೊತ್ತಿನಲ್ಲಿ ಕೆಂಡದೊಳಗಿನಿಂದ ಬಿಳಿ ಕಿಡಿ ಚಿಮ್ಮಿತು. ತೆಗೆದು ನೋಡಿದರೆ ಅವರ ಅಜ್ಜನ ಕಾಲದ ಸೊಪ್ಪುಗತ್ತಿಯ ಬಾಯಿ ಎರಡು ಅಂಗುಲದಷ್ಟು ಸುಟ್ಟು ತೂತಾಗಿತ್ತು. ಉಳಿದ ಭಾಗ ಇನ್ನೂ ಕಪ್ಪು. ಅವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಊಟ ರುಚಿಸಲಿಲ್ಲ.

ಮರುವಾರ ಹತ್ತಿರದ ಊರಿನ ವಯಸ್ಸಾದ ಆಚಾರ್ರೊಬ್ಬರನ್ನು ಕರೆದುಕೊಂಡು ಹೋದೆ. ಕಣ್ಣು ಮಂಜಾದ ಮೇಲೆ ಅವರು ಕುಲುಮೆ ನಿಲ್ಲಿಸಿ ಆರು ವರ್ಷವಾಗಿತ್ತು. ಮೂಟೆಗೆ ಕೈ ಹಾಕಿ ಒಂದು ತುಂಡನ್ನು ಇನ್ನೊಂದಕ್ಕೆ ತಟ್ಟಿ, ಕಿವಿ ಕೊಟ್ಟು ಕೇಳಿದರು.

"ಸಣ್ ಗೌಡ್ರೇ, ಇದು ಅರ್ಧ ಕಟ್ಟಿಗೆ, ಅರ್ಧ ಇದ್ಲು. ಮೇಲಿಂದ ಥಂಡಿ ಬೇರೆ ಕುಡಿದದೆ. ನಿಮ್ಮ ಒಲೇಲಿ ಗಾಳಿ ಹೆಚ್ಚು, ಇದ್ಲು ಕಡಿಮೆ. ಕಬ್ಣ ಕಾಯಿಸ್ಬೇಕಾದ್ದು ಗಾಳಿಯಲ್ಲ, ಕೆಂಡ."

ನಾನು ತರಗತಿಯಲ್ಲಿ ಓದಿಯೂ ಮರೆತಿದ್ದ ಪಾಠ ಈ ಮಾತಿನಲ್ಲಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಕೆಂಡದ ಒಳಗೆ ನಡೆಯುವುದೇನು?

ಒಣ ಕಟ್ಟಿಗೆಯನ್ನು ಗಾಳಿ ಸೋಕದಂತೆ ಸುಟ್ಟಾಗ ಅದರ ನೀರು, ಹೊಗೆ, ಟಾರು ಹೊರಟುಹೋಗಿ ಉಳಿಯುವ ಇಂಗಾಲವೇ ಇದ್ದಿಲು. ಗಾಳಿಗೆ ಒಣಗಿದ ಒಂದು ಕಿಲೊ ಕಟ್ಟಿಗೆಯಿಂದ ಸುಮಾರು 3,500ರಿಂದ 4,000 ಕಿಲೊಕ್ಯಾಲೊರಿ ಶಾಖ ಸಿಕ್ಕರೆ, ಒಂದು ಕಿಲೊ ಒಳ್ಳೆಯ ಇದ್ದಿಲಿನಿಂದ ಸುಮಾರು 7,000 ಸಿಗುತ್ತದೆ. ಕಟ್ಟಿಗೆಯ ಉರಿ ಹರಡಿಕೊಳ್ಳುತ್ತದೆ. ಇದ್ದಿಲಿನ ಶಾಖ ಒಂದು ಬೊಗಸೆ ಜಾಗದಲ್ಲಿ ಒಟ್ಟಾಗಿ ನಿಲ್ಲುತ್ತದೆ. ಕುಲುಮೆಗೆ ಬೇಕಾದುದೂ ಅದೇ.

ಗಾಳಿ ಬಾಯಿಯಿಂದ ಒಳನುಗ್ಗಿದ ಆಮ್ಲಜನಕ ಮೊದಲು ಸಿಗುವ ಕೆಂಡವನ್ನು ಸುಟ್ಟು ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಆ ಅನಿಲ ಮೇಲಿನ ಕೆಂಡದ ಪದರವನ್ನು ಹಾದು ಹೋಗುವಾಗ ಇನ್ನಷ್ಟು ಇಂಗಾಲ ಸೇರಿಸಿಕೊಂಡು ಇಂಗಾಲದ ಮೊನಾಕ್ಸೈಡ್ ಆಗುತ್ತದೆ. ಅಂದರೆ ಗಾಳಿ ಬಾಯಿಯ ಹತ್ತಿರ ಕಬ್ಬಿಣವನ್ನು ಸುಡುವ ಆಮ್ಲಜನಕ ಉಂಟು. ಮೂರು ನಾಲ್ಕು ಅಂಗುಲ ಮೇಲೆ ಅದು ಬಹುಪಾಲು ಖರ್ಚಾಗಿ ಶಾಖ ಮಾತ್ರ ಉಳಿದಿರುತ್ತದೆ. ಕತ್ತಿ ಇರಬೇಕಾದ ಜಾಗ ಈ ಎರಡನೆಯದು.

ಕೆಂಡದ ರಾಶಿ ತೆಳುವಾಗಿದ್ದು ಗಾಳಿ ಜೋರಾಗಿದ್ದರೆ ಆಮ್ಲಜನಕ ನೇರವಾಗಿ ಕಬ್ಬಿಣಕ್ಕೆ ಬಡಿಯುತ್ತದೆ. ಬಡಿದಾಗ ಕಪ್ಪು ಸಿಪ್ಪೆ ಕಳಚಿ ಬೀಳುತ್ತದೆ, ಅಲಗು ತೆಳುವಾಗುತ್ತದೆ. ಶಾಖ ಮಿತಿ ಮೀರಿದರೆ ಬಾಯಿಯೇ ಉರಿದುಹೋಗುತ್ತದೆ. ನಮ್ಮ ಸೊಪ್ಪುಗತ್ತಿಗೆ ಆದದ್ದು ಇದೇ.

ಇದ್ದಿಲಿನಲ್ಲಿ ಕಾಯಿಸಿದರೆ ಕಬ್ಬಿಣ ಇದ್ದಿಲನ್ನು ಕುಡಿದು ಉಕ್ಕಾಗುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಕುಲುಮೆಯಲ್ಲಿ ಐದು ಹತ್ತು ನಿಮಿಷ ಕಾಯುವುದರಿಂದ ಅಂಥ ಬದಲಾವಣೆ ಹೇಳಿಕೊಳ್ಳುವಷ್ಟು ಆಗುವುದಿಲ್ಲ. ಹಿಂದೆ ಮೈಸೂರು ಸೀಮೆಯಲ್ಲಿ ಉಕ್ಕು ಮಾಡುತ್ತಿದ್ದವರು ಕಬ್ಬಿಣವನ್ನು ಕಟ್ಟಿಗೆಯ ಚೂರಿನೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಾಸುಗಟ್ಟಲೆ ಕಾಯಿಸುತ್ತಿದ್ದರು. ಪಶ್ಚಿಮದವರು ಅದನ್ನು ವೂಟ್ಜ್ ಎಂದು ಕರೆದರು. ಆ ಹೆಸರು ನಮ್ಮ ಉಕ್ಕು ಶಬ್ದದಿಂದಲೇ ಬಂದದ್ದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1800-01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಕಬ್ಬಿಣದ ಕುಲುಮೆಗಳ ಬಗ್ಗೆ ಬರೆದಿಟ್ಟಿದ್ದಾನೆ.

ಕಲ್ಲಿದ್ದಲು ಏಕೆ ಬೇಡ?

ಕಲ್ಲಿದ್ದಲು ತರಿಸಿದರೆ ತೊಂದರೆಯೇ ಇಲ್ಲವಲ್ಲ ಎಂದು ಕೇಳುವವರುಂಟು. ಹಾರೆಯಂಥ ದಪ್ಪ ಕಬ್ಬಿಣವನ್ನು ದಿನವಿಡೀ ಬಡಿಯುವ ಕಸುಬಿನವರಿಗೆ ಕಲ್ಲಿದ್ದಲು ಅನುಕೂಲವೇ. ಅದು ಸಾಂದ್ರವಾದುದರಿಂದ ಹೆಚ್ಚು ಹೊತ್ತು ಉರಿಯುತ್ತದೆ. ಆದರೆ ಅದರಲ್ಲಿ ಗಂಧಕವಿರುತ್ತದೆ. ಗಂಧಕ ಸೇರಿದ ಕಬ್ಬಿಣ ಕೆಂಪಗೆ ಕಾದಾಗ ಬಡಿದರೆ ಸೀಳುತ್ತದೆ. ಬೂದಿ ಕರಗಿ ಕಿಟ್ಟ ಕಟ್ಟಿ ಗಾಳಿ ಬಾಯಿಯನ್ನು ಮುಚ್ಚುತ್ತದೆ. ಹೊತ್ತಿಸುವುದೂ ಅಭ್ಯಾಸವಿಲ್ಲದವರಿಗೆ ಕಷ್ಟ.

ಇದ್ದಿಲಿನಲ್ಲಿ ಗಂಧಕ ತೀರಾ ಕಡಿಮೆ, ಬೂದಿಯೂ ಕಡಿಮೆ. ಬೇಗ ಹೊತ್ತುತ್ತದೆ. ಬಡಿಯುವಾಗ ಗಾಳಿ ನಿಲ್ಲಿಸಿದರೂ ಕೆಂಡ ಆರದೆ ಕಾದಿರುತ್ತದೆ. ಕೆಲಸ ಮುಗಿದ ಮೇಲೆ ಉಳಿದ ಕೆಂಡವನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ ಗಾಳಿಯಾಡದಂತೆ ಮುಚ್ಚಿದರೆ ನಂದಿಹೋಗುತ್ತದೆ, ಮರುದಿನಕ್ಕೆ ಸಿಗುತ್ತದೆ. ಕತ್ತಿ, ಕುಡುಗೋಲು, ಮೆಟ್ಟುಗತ್ತಿಯಂಥ ತೆಳು ಅಲಗಿನ ಮನೆಗೆಲಸಕ್ಕೆ ಇದ್ದಿಲೇ ಲೇಸು.

ಕಾಡಿಗೆ ಕೈ ಹಾಕಬೇಡಿ

ಇದ್ದಿಲು ಎಂದೊಡನೆ ನಮ್ಮ ಕಣ್ಣು ಕಾಡಿನ ಕಡೆಗೆ ಹೊರಳುತ್ತದೆ. ಈ ಜಿಲ್ಲೆಯ ಕಾಡುಗಳು ಇದ್ದಿಲಿಗಾಗಿ ಬಹಳ ಬೆಲೆ ತೆತ್ತಿವೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ತಯಾರಿಸಲಾರಂಭಿಸಿದ ಮೈಸೂರು ಸಂಸ್ಥಾನದ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಮೊದಲ ದಿನಗಳಲ್ಲಿ ಮಲೆನಾಡಿನ ಮರದ ಇದ್ದಿಲಿನಿಂದಲೇ ಕರಗಿಸಿತು. ಆ ಕಾಲ ಮುಗಿಯಿತು.

ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಇದ್ದಿಲು ಅರಣ್ಯ ಉತ್ಪನ್ನ. ನಮ್ಮ ಹಿಡುವಳಿಯಲ್ಲಿ ಸುಟ್ಟ ಇದ್ದಿಲಾದರೂ ಸಾಗಿಸುವಾಗ ಪ್ರಶ್ನೆ ಬರುತ್ತದೆ. ಮರ ಕಡಿಯುವುದಕ್ಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯೂ ಉಂಟು. ಸೊಪ್ಪಿನ ಬೆಟ್ಟದ ಹಕ್ಕಿರುವುದು ತೋಟಕ್ಕೆ ಸೊಪ್ಪು, ದರಗು ತರಲಿಕ್ಕೆ. ಇದ್ದಿಲು ಸುಡಲಿಕ್ಕಲ್ಲ. ಆದುದರಿಂದ ನಿಯಮ ಸರಳವಾಗಿರಲಿ: ಸ್ವಂತ ತೋಟದ ಸವರಿದ ಕಟ್ಟಿಗೆಯನ್ನು ಸ್ವಂತ ಅಂಗಳದಲ್ಲಿ ಸುಟ್ಟು ಸ್ವಂತ ಕುಲುಮೆಗೆ ಬಳಸಿ. ಮಾರುವ, ಸಾಗಿಸುವ ಯೋಚನೆ ಇದ್ದರೆ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ಮನೆ ಕುಲುಮೆಗೆ ಬೇಕಾಗುವುದಾದರೂ ಎಷ್ಟು? ಸಣ್ಣ ಒಲೆಯಲ್ಲಿ ಒಂದು ತಾಸಿನ ಕೆಲಸಕ್ಕೆ ಸುಮಾರು ಒಂದೂವರೆಯಿಂದ ಎರಡು ಕಿಲೊ ಸಾಕು. ವರ್ಷದಲ್ಲಿ ನಾಲ್ಕು ದಿನ, ದಿನಕ್ಕೆ ಐದು ತಾಸು ಕೆಲಸ ಮಾಡಿದರೂ ಮೂವತ್ತರಿಂದ ನಲವತ್ತು ಕಿಲೊ ಆಯಿತು. ಎರಡು ಚೀಲ ಎನ್ನಿ. ಇದಕ್ಕೆ ಮರ ಕಡಿಯುವ ಅಗತ್ಯವೇ ಇಲ್ಲ.

ಯಾವ ಕಟ್ಟಿಗೆ?

ಕಾಫಿ ಕಟ್ಟಿಗೆ ಗಟ್ಟಿ, ಸಣ್ಣ ಎಳೆಯದು. ಮಣಿಕಟ್ಟಿನ ಗಾತ್ರದ ಹಳೆಯ ಕಾಂಡ, ಕೊಂಬೆಗಳಿಂದ ಒಳ್ಳೆಯ ಇದ್ದಿಲಾಗುತ್ತದೆ. ಕೊಯಿಲಿನ ನಂತರ ಗಿಡ ಸವರುವಾಗ ಇದು ಹೇಗೂ ಸಿಗುತ್ತದೆ. ಅಕೇಶಿಯಾ ಇದ್ದರೆ ಅದರ ಕೊಂಬೆಯೂ ಉತ್ತಮ. ಅದರ ಇದ್ದಿಲು ಕಿಡಿ ಹಾರಿಸದೆ ಉರಿಯುತ್ತದೆ. ಬೇಲಿಯ ಗೊಬ್ಬರದ ಗಿಡದ ಬಲಿತ ಕೊಂಬೆಯೂ ಆಗುತ್ತದೆ. ತೆಂಗಿನ ಕರಟದ ಇದ್ದಿಲು ಬಹಳ ಗಟ್ಟಿ, ಒಳ್ಳೆಯ ಶಾಖ ಕೊಡುತ್ತದೆ. ಕಟ್ಟಿಗೆಯ ಇದ್ದಿಲಿನೊಡನೆ ಬೆರೆಸಿ ಬಳಸಬಹುದು.

ಹಾಲವಾಣ ಹಗುರ. ಅದರ ಇದ್ದಿಲು ಹುಲ್ಲಿನಂತೆ ಉರಿದುಹೋಗುತ್ತದೆ. ಹಳದಿ ಎಲೆ ರೋಗದಿಂದ ಸತ್ತ ಅಡಿಕೆ ಮರಗಳನ್ನು ಇದ್ದಿಲು ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಅದರ ಒಳಗೆ ಬರೀ ಬೆಂಡು, ಹೊರಗಿನ ಗಟ್ಟಿ ಭಾಗ ನಾರು. ಕುಲುಮೆಗೆ ಅದು ನಿಲ್ಲುವುದಿಲ್ಲ. ಬೆಂಕಿ ಹೊತ್ತಿಸಲು ಮಾತ್ರ ಬಳಸಿ. ಅಡಿಕೆ ಸಿಪ್ಪೆಯೂ ಅಷ್ಟೆ. ಚೇರು ಮರವನ್ನಂತೂ ಮುಟ್ಟಬೇಡಿ. ಅದರ ಸೊನೆ ತಾಗಿದರೆ ಮೈ ಬಾತುಕೊಳ್ಳುತ್ತದೆ.

ಇಲ್ಲಿ ಅರೇಬಿಕಾ ಬೆಳೆಗಾರರಿಗೆ ಒಂದು ವಿಶೇಷ ಮಾತು. ಬಿಳಿ ಕಾಂಡಕೊರಕ ಹೊಕ್ಕ ಗಿಡಗಳನ್ನು ದುಂಬಿ ಹೊರಬರುವ ಮುನ್ನ ಗುರುತಿಸಿ, ಕಿತ್ತು ಸುಡಬೇಕೆಂಬುದು ಕಾಫಿ ಮಂಡಳಿಯ ಹಳೆಯ ಸಲಹೆ. ದುಂಬಿಗಳು ಹೊರಬರುವುದು ಮುಖ್ಯವಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಕಿತ್ತ ಗಿಡಗಳನ್ನು ಬಯಲಲ್ಲಿ ಸುಮ್ಮನೆ ಸುಟ್ಟು ಬೂದಿ ಮಾಡುವ ಬದಲು ಇದ್ದಿಲು ಸುಟ್ಟರೆ ಹುಳುವೂ ಸಾಯುತ್ತದೆ, ಕುಲುಮೆಗೆ ಇಂಧನವೂ ಆಗುತ್ತದೆ. ಆದರೆ ಅಂಥ ಕಾಂಡಗಳನ್ನು ಒಣಗಲೆಂದು ತಿಂಗಳುಗಟ್ಟಲೆ ಒಟ್ಟಿ ಇಡಬಾರದು. ಇಟ್ಟರೆ ರಾಶಿಯಿಂದಲೇ ದುಂಬಿ ಎದ್ದು ತೋಟಕ್ಕೆ ಹೋಗುತ್ತದೆ. ಕಿತ್ತ ಕೂಡಲೇ, ಒಣ ಕಟ್ಟಿಗೆಯೊಡನೆ ಬೆರೆಸಿ ಸುಟ್ಟುಬಿಡಿ. ಇದ್ದಿಲು ಸ್ವಲ್ಪ ಕಡಿಮೆ ಸಿಕ್ಕರೂ ಚಿಂತೆಯಿಲ್ಲ.

ಡ್ರಮ್ಮಿನಲ್ಲಿ ಸುಡುವ ಕ್ರಮ

200 ಲೀಟರಿನ ಒಂದು ಕಬ್ಬಿಣದ ಡ್ರಮ್ಮು ಸಾಕು. ಕೀಟನಾಶಕ ಅಥವಾ ರಾಸಾಯನಿಕ ತುಂಬಿದ್ದ ಡ್ರಮ್ಮು ಬೇಡವೇ ಬೇಡ. ಎಣ್ಣೆಯ ಡ್ರಮ್ಮನ್ನು ಗ್ಯಾಸ್ ಕಟರಿನಿಂದ ಕೊಯ್ಯಿಸಬೇಡಿ. ಒಳಗಿನ ಆವಿಗೆ ಬೆಂಕಿ ತಗುಲಿ ಸಿಡಿಯುವ ಅಪಾಯವಿದೆ. ಚೆನ್ನಾಗಿ ತೊಳೆದು, ಬಾಯಿ ತೆರೆದು ಒಣಗಿಸಿ, ಉಳಿ ಸುತ್ತಿಗೆಯಿಂದಲೇ ಕತ್ತರಿಸಿ.

ತಳದಲ್ಲಿ ಒಂದು ಅಂಗುಲದ ಐದಾರು ತೂತು ಮಾಡಿ, ಡ್ರಮ್ಮನ್ನು ಮೂರು ಇಟ್ಟಿಗೆಗಳ ಮೇಲೆ ನಿಲ್ಲಿಸಿ. ಎರಡು ತಿಂಗಳು ಒಣಗಿದ, ಒಂದಡಿ ಉದ್ದದ, ಒಂದೇ ಗಾತ್ರದ ಕಟ್ಟಿಗೆ ಬೇಕು. ಮೊದಲು ತಳದಲ್ಲಿ ಪುಳ್ಳೆ ಹಾಕಿ ಬೆಂಕಿ ಚೆನ್ನಾಗಿ ಹಿಡಿಸಿ. ಅನಂತರ ಕಟ್ಟಿಗೆಯನ್ನು ಸಂದು ಕಡಿಮೆ ಇರುವಂತೆ ತುಂಬುತ್ತ ಬನ್ನಿ. ಮುಚ್ಚಳವನ್ನು ಸ್ವಲ್ಪ ಸರಿಸಿ ಇಡಿ.

ಮುಂದಿನ ಕೆಲಸ ಹೊಗೆ ನೋಡುವುದು. ಮೊದಲು ದಟ್ಟವಾದ ಬಿಳಿ ಹೊಗೆ ಬರುತ್ತದೆ. ಅದು ನೀರಿನ ಆವಿ. ಆಮೇಲೆ ಹಳದಿ ಬೆರೆತ ಘಾಟು ಹೊಗೆ. ಕೊನೆಗೆ ಹೊಗೆ ತೆಳುವಾಗಿ ನೀಲಿಯಾಗುತ್ತದೆ. ನೀಲಿ ಹೊಗೆ ಕಂಡೊಡನೆ ತಳದ ಸುತ್ತ ಮಣ್ಣು ಏರಿಸಿ, ಮುಚ್ಚಳ ಹಾಕಿ, ಸಂದಿಗೆ ಹಸಿ ಮಣ್ಣು ಮೆತ್ತಿ. ತಡ ಮಾಡಿದರೆ ಇದ್ದಿಲು ಬೂದಿಯಾಗುತ್ತದೆ, ಆತುರಪಟ್ಟರೆ ಅರೆಬೆಂದ ಕೊಳ್ಳಿ ಉಳಿಯುತ್ತದೆ. ಮರುದಿನ ಡ್ರಮ್ಮು ಕೈಗೆ ತಣ್ಣಗಾದ ಮೇಲೆಯೇ ತೆಗೆಯಿರಿ. ಹೀಗೆ ಕಟ್ಟಿಗೆಯ ತೂಕದ ಐದು ಅಥವಾ ಆರರಲ್ಲಿ ಒಂದು ಪಾಲು ಇದ್ದಿಲು ಸಿಗುತ್ತದೆ. ಒಂದು ಡ್ರಮ್ಮಿಗೆ ಎಂಟು ಹತ್ತು ಕಿಲೊ ಎಂದು ಲೆಕ್ಕ ಹಾಕಿದರೆ ನಾಲ್ಕು ಸಲ ಸುಟ್ಟರೆ ವರ್ಷದ ಖರ್ಚಿಗೆ ಆಯಿತು.

ಹೊಸ ಇದ್ದಿಲನ್ನು ಕೂಡಲೇ ಮನೆಯೊಳಗೆ ತರಬಾರದು. ಒಳಗೆ ಉಳಿದ ಸಣ್ಣ ಕಿಡಿ ಗಾಳಿ ತಾಗಿ ಮತ್ತೆ ಹೊತ್ತಿಕೊಳ್ಳಬಹುದು. ಒಂದು ಹಗಲು ಒಂದು ರಾತ್ರಿ ಬಯಲಲ್ಲಿ ಹರಡಿ ಕಾವಲಿರಿ. ಬೇಸಿಗೆಯಲ್ಲಿ ದರಗಿಗೆ ಬೆಂಕಿ ಬಿದ್ದರೆ ಗುಡ್ಡವೇ ಹೊತ್ತುತ್ತದೆ. ಡ್ರಮ್ಮಿನ ಸುತ್ತ ಇಪ್ಪತ್ತು ಅಡಿ ಕಸ ಕಡ್ಡಿ ಕೆರೆದು, ನಾಲ್ಕು ಕೊಡ ನೀರು ತುಂಬಿಟ್ಟುಕೊಂಡೇ ಬೆಂಕಿ ಹಾಕಿ. ಗಾಳಿ ಬೀಸುವ ಮಧ್ಯಾಹ್ನ ಬೇಡ.

ಒಳ್ಳೆಯ ಇದ್ದಿಲಿನ ಗುರುತು

ತಟ್ಟಿದರೆ ಗಾಜಿನಂತೆ ಠಣ್ ಎನ್ನಬೇಕು. ಮುರಿದರೆ ಒಳಗೆ ಕಪ್ಪು ಹೊಳಪಿರಬೇಕು. ತುದಿಯಲ್ಲಿ ಕಂದು ಬಣ್ಣವಿದ್ದರೆ, ಹೊತ್ತಿಸಿದಾಗ ಹೊಗೆ ಮತ್ತು ಹಳದಿ ಉರಿ ಬಂದರೆ ಅದು ಅರೆಬೆಂದದ್ದು. ತುಂಡುಗಳು ಸುಲಿಯದ ಅಡಿಕೆಯ ಗಾತ್ರದಲ್ಲಿರಲಿ. ದೊಡ್ಡವಾದರೆ ಸಂದಿಯಲ್ಲಿ ಗಾಳಿ ನೇರ ನುಗ್ಗುತ್ತದೆ, ಪುಡಿಯಾದರೆ ಗಾಳಿ ಕಟ್ಟುತ್ತದೆ. ಜರಡಿ ಹಿಡಿದು ಬೇರ್ಪಡಿಸಿದ ಪುಡಿಯನ್ನು ಬಿಸಾಡದೆ ಗೊಬ್ಬರದ ಗುಂಡಿಗೆ ಹಾಕಿ. ಅದು ಗಂಜಲವನ್ನೂ ತೇವವನ್ನೂ ಹೀರಿ ಹಿಡಿದುಕೊಳ್ಳುತ್ತದೆ.

ನಮ್ಮ ಮಳೆಗಾಲದಲ್ಲಿ ಇದ್ದಿಲು ಗಾಳಿಯ ತೇವವನ್ನೇ ಕುಡಿಯುತ್ತದೆ. ಒದ್ದೆ ಇದ್ದಿಲು ಮೊದಲು ತನ್ನ ನೀರನ್ನು ಒಣಗಿಸಿಕೊಳ್ಳಲು ಶಾಖ ತಿನ್ನುತ್ತದೆ, ಪಟಪಟನೆ ಸಿಡಿಯುತ್ತದೆ. ಗೋಣಿಯಲ್ಲಿ ಬೇಡ. ಪೂರ್ತಿ ಆರಿದ ಇದ್ದಿಲನ್ನು ಮುಚ್ಚಳವಿರುವ ತಗಡಿನ ಡ್ರಮ್ಮಿನಲ್ಲಿಟ್ಟು, ನೆಲದಿಂದ ಎತ್ತರದಲ್ಲಿಡಿ. ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ.

ಒಲೆ ಚಿಕ್ಕದಿರಲಿ, ಆಳವಿರಲಿ

ಹುತ್ತದ ಮಣ್ಣಿಗೆ ಭತ್ತದ ಉಮಿ ಕಲಸಿ ತುಳಿದು, ಎಂಟರಿಂದ ಹತ್ತು ಅಂಗುಲ ಅಗಲ, ಐದಾರು ಅಂಗುಲ ಆಳದ ಗುಂಡಿ ಮಾಡಿ ಒಣಗಿಸಿ. ಹೊಳೆಯ ಕಲ್ಲು ಬಳಸಬೇಡಿ, ಒಳಗಿನ ನೀರು ಕಾದು ಕಲ್ಲು ಸಿಡಿಯುತ್ತದೆ. ಗಾಳಿ ತಳದಿಂದ ಬರುವುದಕ್ಕಿಂತ ಪಕ್ಕದಿಂದ ಬರುವುದು ಇದ್ದಿಲಿಗೆ ಒಗ್ಗುತ್ತದೆ. ತಳದಿಂದ ಎರಡು ಅಂಗುಲ ಮೇಲೆ, ಮುಕ್ಕಾಲರಿಂದ ಒಂದು ಅಂಗುಲ ಬಾಯಿಯ ಕಬ್ಬಿಣದ ಕೊಳವೆ ಇಟ್ಟು, ಅದರ ತುದಿಗೆ ಮಣ್ಣು ಮೆತ್ತಿ. ಸತು ಲೇಪಿಸಿದ ಜಿ.ಐ. ಪೈಪು ಬೇಡ. ಸತು ಕಾದು ಏಳುವ ಬಿಳಿ ಹೊಗೆಯಿಂದ ಚಳಿಜ್ವರ ಬರುತ್ತದೆ.

ಕೊಳವೆಯ ಮೇಲೆ ಕನಿಷ್ಠ ಆರು ಅಂಗುಲ ಇದ್ದಿಲು ಏರಿರಬೇಕು. ಕತ್ತಿಯನ್ನು ಗಾಳಿ ಬಾಯಿಗಿಂತ ಮೂರು ಅಂಗುಲ ಮೇಲೆ ಅಡ್ಡವಾಗಿ ಇಟ್ಟು, ಅದರ ಮೇಲೂ ಕೆಂಡ ಮುಚ್ಚಿ. ಗಾಳಿ ನಿಧಾನವಾಗಿರಲಿ. ಕೈಯಿಂದ ತಿರುಗಿಸುವ ಬ್ಲೋಯರ್ ಅಥವಾ ಹಳೆಯ ತಿದಿ ಇದ್ದರೆ ಅದೇ ಚೆಂದ. ಕರೆಂಟಿನದಾದರೆ ಗಾಳಿಯನ್ನು ತಗ್ಗಿಸಲು ಕೊಳವೆಗೆ ಒಂದು ತಗಡಿನ ಬಾಗಿಲು ಬೇಕೇ ಬೇಕು. ಅಂಚಿನ ಇದ್ದಿಲು ವ್ಯರ್ಥವಾಗಿ ಉರಿಯುತ್ತಿದ್ದರೆ ತುಸು ನೀರು ಚಿಮುಕಿಸಿ. ಬೆಂಕಿ ನಡುವಿನಲ್ಲೇ ನಿಲ್ಲುತ್ತದೆ.

ಕುಲುಮೆ ನೆರಳಿನಲ್ಲಿರಲಿ. ಬಿಸಿಲಿನಲ್ಲಿ ಕಬ್ಬಿಣದ ಬಣ್ಣ ತಿಳಿಯುವುದಿಲ್ಲ. ಕಿತ್ತಳೆ ಬಣ್ಣಕ್ಕೆ ಬಂದಾಗ ಬಡಿಯಬೇಕು. ಮಂಕು ಕೆಂಪಿಗೆ ಇಳಿದಾಗ ಮತ್ತೆ ಒಲೆಗಿಡಬೇಕು. ಬಿಳಿಯಾಗಿ ಕಿಡಿ ಹಾರಿತೆಂದರೆ ಆ ಭಾಗ ಸುಟ್ಟಿತು, ಕತ್ತರಿಸಿ ತೆಗೆಯುವುದೊಂದೇ ದಾರಿ.

ಹದ ಹಾಕುವುದು

ಈಗ ಬಹಳಷ್ಟು ಕತ್ತಿಗಳು ಲಾರಿ, ಜೀಪುಗಳ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದವು. ಈ ಉಕ್ಕನ್ನು ಚೆಂಗೆಂಪಾಗುವವರೆಗೆ, ಅಂದರೆ ಸುಮಾರು 800 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಬೇಕು. ಗುರುತು ಹಿಡಿಯಲು ಒಂದು ಅಯಸ್ಕಾಂತ ಸಾಕು. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಹೆಚ್ಚು ಕಾಯಿಸಿ, ಬಾಯಿಯನ್ನು ಉಗುರುಬೆಚ್ಚಗಿನ ಹೊಂಗೆ ಎಣ್ಣೆಯಲ್ಲಿ ಅದ್ದಿ. ತಣ್ಣೀರಿಗೆ ಹಾಕಿದರೆ ಈ ಉಕ್ಕು ಬಿರಿಯುವ ಸಂಭವ ಹೆಚ್ಚು. ವಾಹನದ ಸುಟ್ಟ ಆಯಿಲ್ ಬೇಡ, ಅದರ ಹೊಗೆ ಕೆಟ್ಟದ್ದು. ಎಣ್ಣೆ ಹೊತ್ತಿಕೊಂಡರೆ ಮುಚ್ಚಲು ತಗಡಿನ ಮುಚ್ಚಳ ಪಕ್ಕದಲ್ಲೇ ಇರಲಿ, ನೀರು ಸುರಿಯಬೇಡಿ.

ಹೀಗೆ ಗಟ್ಟಿಯಾದ ಬಾಯಿ ಗಾಜಿನಂತೆ ಮುಕ್ಕಾಗುತ್ತದೆ. ಆದುದರಿಂದ ಅದನ್ನು ಕಲ್ಲಿನಲ್ಲಿ ಉಜ್ಜಿ ಬೆಳ್ಳಗೆ ಮಾಡಿ, ಗಾಳಿ ನಿಲ್ಲಿಸಿದ ಕೆಂಡದ ಮೇಲೆ ಬೆನ್ನಿನ ಕಡೆಯಿಂದ ಮೆಲ್ಲಗೆ ಬಿಸಿ ಮಾಡಬೇಕು. ಬಣ್ಣಗಳು ಹರಿದು ಬರುತ್ತವೆ. ಸುಮಾರು 225 ಡಿಗ್ರಿಗೆ ಒಣಹುಲ್ಲಿನ ಬಣ್ಣ, 255ಕ್ಕೆ ಕಂದು, 275ಕ್ಕೆ ನೇರಳೆ, 295ಕ್ಕೆ ನೀಲಿ. ಕುಡುಗೋಲಿಗೆ ಕಂದು ಸಾಕು. ಸೊಪ್ಪುಗತ್ತಿ, ಕೊಡಲಿಯಂಥ ಪೆಟ್ಟು ತಿನ್ನುವ ಹತ್ಯಾರಿಗೆ ನೇರಳೆಯಿಂದ ನೀಲಿ. ಬೇಕಾದ ಬಣ್ಣ ಬಾಯಿಗೆ ಮುಟ್ಟಿದೊಡನೆ ಅದ್ದಿಬಿಡಿ. ಈ ನಿಧಾನದ ಶಾಖ ಇದ್ದಿಲಿನ ಕೆಂಡದಲ್ಲಿ ಕೈಗೆ ಸಿಗುವಷ್ಟು ಸುಲಭವಾಗಿ ಬೇರೆ ಇಂಧನದಲ್ಲಿ ಸಿಗುವುದಿಲ್ಲ.

ಹೊಗೆಯಿಲ್ಲದ ವಿಷ

ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸುವಂತಿಲ್ಲ. ಕಳೆದ ಜುಲೈನಲ್ಲಿ ಜಡಿಮಳೆ ಹಿಡಿದಾಗ ಆ ಯುವಕರು ಕುಲುಮೆಯನ್ನು ಸೌದೆ ಕೊಟ್ಟಿಗೆಯ ಒಳಕ್ಕೆ ಸಾಗಿಸಿದರು. ಎರಚಲು ಹೊಡೆಯುತ್ತದೆಂದು ಬಾಗಿಲು ಮುಚ್ಚಿದರು. ಒಳಗೆ ಅವರೂ ಒಬ್ಬ ಆಳೂ ಇದ್ದರು. ಅರ್ಧ ತಾಸಿನಲ್ಲಿ ಆಳಿಗೆ ತಲೆನೋವು, ವಾಕರಿಕೆ. ಇವರಿಗೆ ಇಕ್ಕಳ ಹಿಡಿಯಲೂ ಕೈ ಬಾರದಂತಾಯಿತು. ಕಾಫಿಗೆ ಕರೆಯಲು ಬಂದ ತಾಯಿ ಬಾಗಿಲು ತೆರೆದದ್ದರಿಂದ ಇಬ್ಬರೂ ಉಳಿದರು. ಹೊರಗೆ ಎಳೆದು ಮಲಗಿಸಿ, ಆಸ್ಪತ್ರೆಗೆ ಕರೆದೊಯ್ದರು.

ಮೇಲೆ ಹೇಳಿದ ಇಂಗಾಲದ ಮೊನಾಕ್ಸೈಡೇ ಇದಕ್ಕೆ ಕಾರಣ. ಕತ್ತಿಯನ್ನು ಕಾಪಾಡುವ ಅದೇ ಅನಿಲ ಮನುಷ್ಯರನ್ನು ಕೊಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದ್ದಿಲು ಹೊಗೆಯಾಡದ ಕಾರಣ ನಮಗೆ ಎಚ್ಚರವೂ ಆಗುವುದಿಲ್ಲ. ಕುಲುಮೆಯ ಮಾಡಿಗೆ ಕನಿಷ್ಠ ಎರಡು ಕಡೆ ಗೋಡೆ ಇರಕೂಡದು. ಮಳೆಗಾಲದಲ್ಲಿ ಕಂಬಳಿ ಒಣಗಿಸಲು, ಬಾಣಂತಿ ಕೋಣೆ ಬೆಚ್ಚಗಿಡಲು ಕೆಂಡದ ಬಾಂಡಲಿ ಇಡುವವರೂ ಈ ಮಾತನ್ನು ನೆನಪಿಡಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬಾರದು. ತಲೆನೋವು, ತಲೆಸುತ್ತು ಕಂಡೊಡನೆ ಹೊರಗೆ ಬನ್ನಿ, ಆಮೇಲೆ ಕಾರಣ ಹುಡುಕಿ.

ಕಲಿಯಲು ಇದು ಸಕಾಲ

ಈ ವರ್ಷ ಜನವರಿಯಲ್ಲಿ ಅವರು ಸವರಿದ ಕಾಫಿ ಕಟ್ಟಿಗೆಯಿಂದ ತಾವೇ ಇದ್ದಿಲು ಸುಟ್ಟರು. ಕುಲುಮೆ ಈಗ ತೆರೆದ ಮಾಡಿನ ಕೆಳಗಿದೆ. ಅಕ್ಕಪಕ್ಕದ ಮನೆಗಳ ಹತ್ಯಾರುಗಳೂ ಅಲ್ಲಿಗೆ ಬರುತ್ತಿವೆ. ಅಜ್ಜನ ಸೊಪ್ಪುಗತ್ತಿಯ ಸುಟ್ಟ ಭಾಗವನ್ನು ಕತ್ತರಿಸಿ, ಉಳಿದುದನ್ನು ಬಡಿದು ಒಂದು ಸಣ್ಣ ಕತ್ತಿ ಮಾಡಿದ್ದಾರೆ. ಆಚಾರ್ರು ವಾರಕ್ಕೊಮ್ಮೆ ಬಂದು ಮೋಡೆಯ ಮೇಲೆ ಕೂರುತ್ತಾರೆ. ಕಣ್ಣಿಗೆ ಬಣ್ಣ ಸರಿಯಾಗಿ ಕಾಣದು. ಸುತ್ತಿಗೆಯ ಸದ್ದು ಕೇಳಿಯೇ "ಆರ್‌ತು, ಒಲೆಗಿಡಿ" ಎನ್ನುತ್ತಾರೆ.

ಇಂಥ ಹಿರಿಯರು ಪ್ರತಿ ಹೋಬಳಿಯಲ್ಲೂ ಒಬ್ಬಿಬ್ಬರು ಉಳಿದಿರಬಹುದು. ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಕಸುಬನ್ನು ಮುಂದುವರಿಸುವ ಕಮ್ಮಾರರಿಗೆ 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ತರಬೇತಿ, ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವು ಮತ್ತು ಕಡಿಮೆ ಬಡ್ಡಿಯ ಸಾಲದ ಅವಕಾಶ ಇಡಲಾಗಿದೆ. ನಿಮ್ಮೂರ ಆಚಾರ್ರಿಗೆ ತಿಳಿಸಿ, ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಲು ಹೇಳಿ.

ಮನೆಗೊಂದು ಕುಲುಮೆ ಬೇಕಿಲ್ಲ. ಹತ್ತು ಮನೆಗೊಂದು ಇದ್ದರೆ ಸಾಕು. ಮೃಗಶಿರಾ ಹಿಡಿಯುವ ಮುನ್ನ ಎರಡು ಚೀಲ ಒಣ ಇದ್ದಿಲು ಮುಚ್ಚಿಡಿ. ಕುಲುಮೆ ಹೂಡುವ ಮೊದಲು ಒಂದು ಹಿಡಿ ಎಲೆ ಅಡಿಕೆ ತೆಗೆದುಕೊಂಡು ಹತ್ತಿರದ ಆಚಾರ್ರ ಮನೆಗೆ ಹೋಗಿ ಬನ್ನಿ. ಈ ಲೇಖನದಿಂದ ಗಾಳಿಯ ಲೆಕ್ಕ, ಶಾಖದ ಲೆಕ್ಕ ತಿಳಿಯಬಹುದು. ಕೆಂಡದ ಬಣ್ಣ ಓದುವುದನ್ನು ಮಾತ್ರ ಅವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು.